ಮನೆಯ ತಂದೆ, ಊರಿನ ಮುಂದಾಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂಭ್ರಮದಲ್ಲಿ ನಮಗೂ ನಾಲ್ಕು ಮಾತು ಆಡುವ ಅವಕಾಶ ಸಿಕ್ಕಿದ್ದು ಸಂತೋಷದ ಸಂಗತಿ. ಸಮಿತಿಯವರು ಮನೆಗೆ ಬಂದು, "ಕ್ರಿಶ್ಚನ್ ಮನೆಗಳಲ್ಲಿ ತಂದೆಯ ಸ್ಥಾನ ಏನು, ಅದರಿಂದ ಊರಿನ ಕೆಲಸ ಮಾಡುವವರಿಗೆ ಏನು ಪಾಠ, ಅದನ್ನು ನೀವು ಹೇಳಬೇಕು" ಅಂದರು. ನಾವು ಪಾದ್ರಿಗಳಲ್ಲ, ಪಂಡಿತರೂ ಅಲ್ಲ. ಅಡಿಕೆ, ತೆಂಗು, ನಾಲ್ಕು ಹಸು ಇಟ್ಟುಕೊಂಡು ಬಾಳಿದವರು. ಹಿಂದೆ ಬೇರೆ ಊರಿನಲ್ಲಿದ್ದಾಗ ಅಲ್ಲಿನ ಒಂದು ಸಂಘದಲ್ಲಿ ನಿರ್ದೇಶಕರಾಗಿದ್ದೆವು, ಇಗರ್ಜಿಯಲ್ಲಿ ನಮ್ಮ ವಾಡ್ಯದ ಗುರ್ಕಾರರಾಗಿದ್ದೆವು. ಗುರ್ಕಾರ ಅಂದರೆ ಏನು ಅಂತ ಬೇರೆ ಧರ್ಮದ ಬಂಧುಗಳಿಗೆ ಒಂದು ಮಾತು ಹೇಳಬೇಕು. ಇಗರ್ಜಿಗೆ ಸೇರಿದ ಮನೆಗಳನ್ನು ವಾಡ್ಯಗಳಾಗಿ ಹಂಚಿರುತ್ತಾರೆ. ಒಂದೊಂದು ವಾಡ್ಯಕ್ಕೆ ಒಬ್ಬ ಗುರ್ಕಾರ. ಸಾವು ನೋವಿಗೆ ಓಡುವುದು, ಮನೆಮನೆಗೆ ಸುದ್ದಿ ಮುಟ್ಟಿಸುವುದು, ಜಗಳ ಬಿದ್ದಲ್ಲಿ ನಡುವೆ ನಿಲ್ಲುವುದು ಅವನ ಕೆಲಸ. ಸಂಬಳ ಇಲ್ಲ, ಬೈಗುಳ ಉಂಟು.

ಇನ್ನೊಂದು ಸೂಚನೆ. ಈ ಮಾತಿನಲ್ಲಿ "ನಾವು" ಅಂದಲ್ಲೆಲ್ಲ ನಮ್ಮ ಮನೆಯವರನ್ನೂ ಸೇರಿಸಿಕೊಳ್ಳಿ. ಅವರನ್ನು ಬಿಟ್ಟು ನಾವು ಒಬ್ಬರೇ ಮಾಡಿದ ಕೆಲಸ ಒಂದೇ ಒಂದು. ಅದು ಆಮೇಲೆ ಬರುತ್ತದೆ.

ಬೈಬಲಿನಲ್ಲಿ ಸಂತ ಪೌಲರು ತಿಮೊಥೆಯ ಎಂಬ ಯುವಕನಿಗೆ ಬರೆದ ಪತ್ರ ಉಂಟು. ತಿಮೊಥೆಯನಿಗೆ ಎಫೆಸ ಎಂಬ ಪಟ್ಟಣದ ಸಭೆಯ ಜವಾಬ್ದಾರಿ. ಸಭೆಗೆ ಹಿರಿಯರನ್ನು ಆರಿಸುವಾಗ ಏನು ನೋಡಬೇಕು ಅಂತ ಆ ಪತ್ರದ ಮೂರನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಕುಡುಕನಾಗಿರಬಾರದು, ಹೊಡೆದಾಡುವವನಾಗಿರಬಾರದು, ದುಡ್ಡಿನ ಆಸೆಯವನಾಗಿರಬಾರದು, ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಸ್ವಂತ ಮನೆಯನ್ನೇ ನಡೆಸಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು? ಎರಡು ಸಾವಿರ ವರ್ಷದ ಹಿಂದಿನ ಪ್ರಶ್ನೆ. ನಮ್ಮ ಊರಿನಲ್ಲಿ ಎಲೆಕ್ಷನ್ ಬಂದಾಗ ಹೋಟೆಲಿನ ಬೆಂಚಿನ ಮೇಲೆ ಕೂತವರು ಕೇಳುವುದೂ ಇದನ್ನೇ ಅಲ್ವಾ? "ಅವನ ಮನೆ ಮೊದಲು ಸರಿ ಉಂಟಾ ನೋಡಿ ಮಾರಾಯ್ರೆ" ಅಂತ.

ಈ ವಾಕ್ಯವನ್ನು ನಾವು ಬಹಳ ಕಾಲ ತಪ್ಪಾಗಿ ತಿಳಿದಿದ್ದೆವು. ಮನೆ ನಡೆಸುವುದು ಅಂದರೆ ಮಕ್ಕಳನ್ನು ಬಾಯಿ ಮುಚ್ಚಿಸಿ ಕೂರಿಸುವುದು, ತೇರ್ಸ್ ಅಂದರೆ ಜಪಸರದ ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಮೊಣಕಾಲೂರುವಂತೆ ಮಾಡುವುದು, ಎದುರು ಮಾತು ಬಾರದ ಹಾಗೆ ನೋಡಿಕೊಳ್ಳುವುದು ಅಂತ. ಒಮ್ಮೆ ನಮ್ಮಲ್ಲಿಗೆ ಬಂದಿದ್ದ ಒಬ್ಬ ಗುರುಗಳು ತಿದ್ದಿದರು. ಮೂಲ ಗ್ರೀಕ್ ಭಾಷೆಯಲ್ಲಿ ಪೌಲರು ಅಲ್ಲಿ ಎರಡು ಬೇರೆ ಬೇರೆ ಶಬ್ದ ಹಾಕಿದ್ದಾರಂತೆ. ಮನೆಗೆ "ನಡೆಸು" ಎಂಬ ಶಬ್ದ. ಸಭೆಗೆ ಬಂದಾಗ ಬೇರೆ ಶಬ್ದ, "ಆರೈಕೆ ಮಾಡು" ಎಂದು. ಈ ಎರಡನೇ ಶಬ್ದ ಲೂಕನ ಸುವಾರ್ತೆಯಲ್ಲಿ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಬರುತ್ತದೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಸಾಡಿದ ಮನುಷ್ಯನಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ, ಕತ್ತೆಯ ಮೇಲೆ ಕೂರಿಸಿ, ಛತ್ರಕ್ಕೆ ಸೇರಿಸಿ ಉಪಚರಿಸಿದನಲ್ಲ, ಆ ಉಪಚಾರದ ಶಬ್ದ. ಅಲ್ಲಿಗೆ ನಮ್ಮ ಯಜಮಾನಿಕೆಯ ಗಾಳಿ ಅರ್ಧ ಇಳಿಯಿತು. ಗಾಯಕ್ಕೆ ಎಣ್ಣೆ ಹಚ್ಚಲು ಬಾರದವನು ಎಷ್ಟು ಗಟ್ಟಿಯಾಗಿ ಗದರಿಸಿದರೂ ಪೌಲರ ಪರೀಕ್ಷೆಯಲ್ಲಿ ಪಾಸಲ್ಲ.

ತಾಯಂದಿರು ಬೇಸರ ಮಾಡಬೇಡಿ. ಪತ್ರ ಬರೆದ ಪೌಲರಿಗೆ ಹೆಂಡತಿ ಮಕ್ಕಳಿರಲಿಲ್ಲ. ಪತ್ರ ಪಡೆದ ತಿಮೊಥೆಯನಿಗೆ ದೇವಭಕ್ತಿ ಬಂದದ್ದು ತಾಯಿ ಯೂನಿಕೆ, ಅಜ್ಜಿ ಲೋವಿ ಇವರಿಂದ ಎಂದು ಅದೇ ಪೌಲರು ಬರೆದಿದ್ದಾರೆ. ಅವನ ತಂದೆ ಗ್ರೀಕನಾಗಿದ್ದ ಎಂಬುದನ್ನು ಬಿಟ್ಟರೆ ತಂದೆಯ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಪಾದ್ರಿಗಳಿಗೂ ಸಂಸಾರ ಇಲ್ಲ, ಆದರೂ ಊರೆಲ್ಲ ಅವರನ್ನು "ಫಾದರ್" ಅಂತಲೇ ಕರೆಯುತ್ತದೆ. ಹಾಗಾಗಿ ತಂದೆತನ ಅನ್ನುವುದನ್ನು ಮೀಸೆಗೆ ಮಾತ್ರ ಕಟ್ಟಿಹಾಕುವುದು ಬೇಡ.

ನಮ್ಮ ಮನೆಗಳಲ್ಲಿ ತಂದೆಯ ಪಾಠ ಶುರುವಾಗುವುದು ತೆನೆ ಹಬ್ಬದ ದಿನ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನ್ಮದಿನ, ಮೊಂತಿ ಫೆಸ್ತ್ ಅನ್ನುತ್ತೇವೆ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಇಗರ್ಜಿಯಲ್ಲಿ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೆ ಕೊಡುತ್ತಾರೆ. ಅದರ ಕಾಳನ್ನು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಹಂಚುತ್ತಾರೆ. ನಮ್ಮ ತಂದೆಯವರು ಹಂಚುವುದಕ್ಕೆ ಮೊದಲು ತಲೆ ಎಣಿಸುತ್ತಿದ್ದರು. ಕೂತವರನ್ನಲ್ಲ, ಬಾರದವರನ್ನು. ಬೊಂಬಾಯಿಯಲ್ಲಿದ್ದ ಅಣ್ಣ, ಮದುವೆಯಾಗಿ ಹೋದ ಅಕ್ಕ, ಜ್ವರ ಬಂದು ಒಳಗೆ ಮಲಗಿದ ಅಜ್ಜಿ, ಕೆಲಸಕ್ಕೆ ಬರುತ್ತಿದ್ದ ಮನೆಯ ಮಕ್ಕಳು. ದೂರದವರಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಿಸಿ ಪೋಸ್ಟಿಗೆ. ಕೊನೆಗೆ ಉಳಿದದ್ದು ಅವರಿಗೆ. ನಾವು ಕಂಡ ಮೊದಲ ಡಿವಿಡೆಂಡ್ ಅದು! ಮಹಾಸಭೆಯಲ್ಲಿ ಪಾಲು ಹಂಚುವ ಮಾತು ಬಂದಾಗಲೆಲ್ಲ ಅವರು ಬಾರದವರನ್ನು ಎಣಿಸುತ್ತಿದ್ದುದು ನಮಗೆ ನೆನಪಾಗುತ್ತದೆ.

ಇನ್ನು ನಮ್ಮಂಥ ಸಂಘಗಳಿಗೆ ಅಡಿಪಾಯ ಹಾಕಿದ ಒಬ್ಬ ತಂದೆಯ ಕಥೆ. ನಮ್ಮ ರಾಜ್ಯದಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು, ನಮ್ಮ ಜಿಲ್ಲೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ದುಡಿದರು, ಇದು ಇಲ್ಲಿನ ಮಕ್ಕಳಿಗೂ ಗೊತ್ತು. 1904ರ ಕಾನೂನಿಗೆ ಮೊದಲು ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ವರದಿ ಬರೆದು, ನಮ್ಮ ಹಳ್ಳಿಗಳಿಗೆ ಬೇಕಾದದ್ದು ರೈಫೈಸನ್ ಅಂಥ ಮನುಷ್ಯ, ಅಂಥವರನ್ನು ಹುಡುಕಿ ಎಂಬ ಅರ್ಥದ ಮಾತು ಹೇಳಿದ್ದರು. ಯಾರು ಈ ರೈಫೈಸನ್?

ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಜರ್ಮನಿಯ ಹಾಮ್ ಎಂಬ ಹಳ್ಳಿಯಲ್ಲಿ 1818ರಲ್ಲಿ ಹುಟ್ಟಿದವರು. ಪ್ರೊಟೆಸ್ಟೆಂಟ್ ಕ್ರೈಸ್ತರು. ತಂದೆ ಕೆಲವು ಕಾಲ ಊರಿನ ಮೇಯರ್ ಆಗಿದ್ದರೂ ಮನೆ ಕಷ್ಟಕ್ಕೆ ಬಿದ್ದಿತ್ತು. ಮಗನಿಗೆ ವಿದ್ಯೆ ಕೊಟ್ಟವರು ಊರಿನ ಪಾಸ್ಟರು. ಸೈನ್ಯಕ್ಕೆ ಸೇರಿದರು, ಕಣ್ಣಿನ ಕಾಯಿಲೆ ಬಂದು ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಮೇಯರ್. ಮದುವೆಯಾದದ್ದೂ ಅದೇ ವರ್ಷ. 1846ರಲ್ಲಿ ದೊಡ್ಡ ಮಗಳು ಅಮಾಲಿ ಹುಟ್ಟಿದಳು. ಆ ಚಳಿಗಾಲದಲ್ಲೇ ಊರಿಗೆ ಬರ. ಸರಕಾರದಿಂದ ಧಾನ್ಯ ಬಂತು, ಆದರೆ ನಗದು ಕೊಟ್ಟವರಿಗೆ ಮಾತ್ರ ಅಂತ ಆರ್ಡರು. ಹಸಿದವನ ಕೈಯಲ್ಲಿ ನಗದು ಎಲ್ಲಿಂದ? ರೈಫೈಸನ್ನರು ಆರ್ಡರು ಮೀರಿ ಸಾಲವಾಗಿ ಕೊಟ್ಟರು. ಉಳ್ಳವರಿಂದ ಹಣ ಕೂಡಿಸಿ, ಊರಿಗೇ ಒಂದು ಒಲೆ ಕಟ್ಟಿಸಿ, ಮಾರುಕಟ್ಟೆಗಿಂತ ಅಗ್ಗಕ್ಕೆ ರೊಟ್ಟಿ ಮಾಡಿ ಹಂಚಿದರು. ಮನೆಯಲ್ಲಿ ಹಸುಗೂಸು ಇರುವ ತಂದೆಗೆ ಊರಿನ ಹಸಿವು ಬೇಗ ಅರ್ಥವಾಯಿತೋ ಏನೋ, ಹಾಗೆ ಅಂದುಕೊಳ್ಳುವುದು ನಮಗೆ ಇಷ್ಟ.

1854ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಕಟ್ಟಿದ ಸಂಘಕ್ಕೆ ರೈತರಿಗೆ ಸಾಲ ಕೊಡುವುದರ ಜೊತೆಗೆ ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಇತ್ತು. ಆದರೆ ಉಳ್ಳವರು ಕೊಟ್ಟು ಇಲ್ಲದವರು ತೆಗೆದುಕೊಳ್ಳುವ ಪದ್ಧತಿ ಬಹಳ ದಿನ ಬಾಳಲಿಲ್ಲ. ಕೊಡುವವರಿಗೆ ಬೇಸರ ಬಂತು. ಆಗ 1864ರಲ್ಲಿ ಸಾಲ ಪಡೆಯುವವನೇ ಸದಸ್ಯ ಎಂಬ ಸಂಘ ಮಾಡಿದರು. ಒಬ್ಬರನ್ನೊಬ್ಬರು ಬಲ್ಲಷ್ಟು ಚಿಕ್ಕ ಊರು, ಆಡಳಿತ ಮಾಡುವವರಿಗೆ ಸಂಬಳ ಇಲ್ಲ, ನಷ್ಟ ಬಂದರೆ ಎಲ್ಲರ ಆಸ್ತಿಯೂ ಹೊಣೆ. ಆಸ್ತಿ ಅಷ್ಟೂ ಹೊಣೆ ಅಂದರೆ ಹೆಂಡತಿ ಮಕ್ಕಳ ಅನ್ನವೂ ಹೊಣೆ ಎಂದೇ ಅರ್ಥ. ಜನ ಅವರನ್ನು "ಫಾದರ್ ರೈಫೈಸನ್" ಅಂತ ಕರೆದರು.

ಇಷ್ಟಾದರೆ ಸಂತರ ಕಥೆ ಆಗುತ್ತಿತ್ತು. ಆದರೆ ಅವರ ಮನೆಯನ್ನೂ ನೋಡೋಣ. ಏಳು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. 1863ರಲ್ಲಿ ಹೆಂಡತಿ ಹೋದರು. ತಮ್ಮ ಕಣ್ಣು ಹೆಚ್ಚು ಕಡಿಮೆ ಕುರುಡಾಯಿತು. ಆಗ ತಂದೆಗೆ ಕಣ್ಣಾದವಳು ಅಮಾಲಿ. ಪತ್ರ ಓದುವುದು, ಹೇಳಿದ್ದನ್ನು ಬರೆಯುವುದು, ಲೆಕ್ಕ ನೋಡುವುದು ಎಲ್ಲ ಅವಳು. ಅವಳು ಕೊನೆಯವರೆಗೂ ಮದುವೆಯಾಗಲಿಲ್ಲ. ತಂದೆಯವರು 1888ರಲ್ಲಿ ತೀರಿಕೊಂಡಾಗ ಅವಳ ಪ್ರಾಯ ನಲವತ್ತು ದಾಟಿತ್ತು. ಊರೂರಿನ ರೈತರಿಗೆ ತಂದೆಯಾದ ಮನುಷ್ಯ, ಆ ತಂದೆತನದ ಬೆಲೆಯಲ್ಲಿ ದೊಡ್ಡ ಪಾಲನ್ನು ಮಗಳ ಹೆಸರಿಗೆ ಬರೆದರಲ್ಲ ಅಂತ ನಮಗೆ ಅನಿಸುತ್ತದೆ. ರೈಫೈಸನ್ನರ ಮೇಲೆ ಗೌರವ ಕಡಿಮೆ ಮಾಡಲಿಕ್ಕೆ ಈ ಮಾತಲ್ಲ. ಫೋಟೋಕ್ಕೆ ಹಾರ ಹಾಕುವಾಗ ಪಕ್ಕದಲ್ಲಿ ಅಮಾಲಿಯ ಫೋಟೋ ಯಾಕಿಲ್ಲ ಅಂತ ಕೇಳಲಿಕ್ಕೆ.

ಈಗ ನಮ್ಮ ಆ ಒಂದು ಕೆಲಸದ ಕಥೆ. ಈ ವೇದಿಕೆಯಲ್ಲಿ ಹೇಳುವುದಾ ಬೇಡವಾ ಅಂತ ಮನೆಯವರನ್ನು ಕೇಳಿದೆವು. "ಹೇಳಿ, ಹೇಳದಿದ್ದರೆ ಉಳಿದದ್ದೆಲ್ಲ ಬರೇ ಭಾಷಣ" ಅಂದರು.

ಆಗ ನಮಗೆ ಮೂವತ್ತನಾಲ್ಕು ವಯಸ್ಸು. ಗುರ್ಕಾರರು, ಸಂಘದ ನಿರ್ದೇಶಕರು, ದಿನಕ್ಕೊಂದು ಮೀಟಿಂಗು. ಒಬ್ಬ ಸ್ನೇಹಿತ ಸಾಲಕ್ಕೆ ಜಾಮೀನು ಹಾಕು ಅಂದ. ಮನೆಯಲ್ಲಿ ಒಂದು ಮಾತು ಕೇಳದೆ ಸಹಿ ಹಾಕಿದೆವು. ಕೇಳುವುದು ಯಾಕೆ, ನಾವೇ ಯಜಮಾನರಲ್ಲವೇ? ಎರಡು ಕಂತು ಕಟ್ಟಿದ, ಮೂರನೆಯದಕ್ಕೆ ಊರು ಬಿಟ್ಟ. ನೋಟೀಸು ಮನೆಗೆ ಬಂದ ದಿನ ನಾವು ಇಗರ್ಜಿಯಲ್ಲಿ ಮೀಟಿಂಗಿನಲ್ಲಿದ್ದೆವು. ಸಹಿ ಹಾಕಿ ತೆಗೆದುಕೊಂಡವರು ಮನೆಯವರು.

ರಾತ್ರಿ ಮನೆಗೆ ಬಂದಾಗ ಅವರು ಏನೂ ಹೇಳಲಿಲ್ಲ. ತೇರ್ಸಿಗೆ ಮೊಣಕಾಲೂರಿದೆವು. ಆಲ್ತಾರಿನ ಮೇಲೆ ಜಪಸರ ತೆಗೆಯಲು ಕೈ ಹಾಕಿದರೆ ಅದರಡಿಯಲ್ಲಿ ನೋಟೀಸು. ಮಕ್ಕಳು ಹಿಂದೆ ಕೂತಿದ್ದಾರೆ. ನಾವೇ ಪ್ರಾರ್ಥನೆ ಶುರು ಮಾಡಬೇಕು, ಸ್ವರ ಬರುವುದಿಲ್ಲ. ದೊಡ್ಡ ಮಗಳು ಶುರು ಮಾಡಿದಳು.

ಎಲ್ಲರೂ ಮಲಗಿದ ಮೇಲೆ ಮನೆಯವರು ಒಂದೇ ಮಾತು ಕೇಳಿದರು: "ಸೊಸೈಟಿಯಲ್ಲಿ ಒಂದು ಕುರ್ಚಿ ತರಬೇಕಾದರೂ ನಿಮಗೆ ರೆಜಲ್ಯೂಶನ್ ಬೇಕು. ಮನೆ ಅಡ ಇಡಲಿಕ್ಕೆ ಬೇಡವಾ?"

ಅದಕ್ಕೆ ಉತ್ತರ ನಮ್ಮಲ್ಲಿ ಇರಲಿಲ್ಲ. ಅವರು ಸಾಕಿದ ಎರಡು ಹಸು ಮಾರಿದೆವು. ಆ ಹಾಲಿನ ದುಡ್ಡು ಮಗಳ ಕಾಲೇಜಿಗೆ ಅಂತ ಇಟ್ಟದ್ದು. ಅವಳು ಒಂದು ವರ್ಷ ಮನೆಯಲ್ಲಿ ಕೂತಳು. ಒಂದು ವರ್ಷ ಅಂದರೆ ದೊಡ್ಡದಲ್ಲ ಅಂತ ನಾವು ಆಗ ಹೇಳಿಕೊಂಡೆವು. ಅವಳ ಜೊತೆಯ ಹುಡುಗಿಯರು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅವಳು ಕೊಟ್ಟಿಗೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳು ಅಂತ ಬಹಳ ವರ್ಷ ಕಳೆದು ಗೊತ್ತಾಯಿತು. ಸಾಲ ತೀರಲು ಮೂರು ವರ್ಷ. ಆ ಮೂರು ವರ್ಷವೂ ಊರಿನಲ್ಲಿ ನಮಗೆ ಮರ್ಯಾದೆ ಇತ್ತು, ಯಾಕೆಂದರೆ ಮಾತಿಗೆ ತಪ್ಪದೆ ಕಟ್ಟಿದರು ಅಂತ. ಕಟ್ಟಿದ್ದು ಯಾರು?

ಅಲ್ಲಿಂದ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ತೇರ್ಸ್ ಆದ ಮೇಲೆ ಲೆಕ್ಕದ ಪುಸ್ತಕ ನೆಲಕ್ಕೆ ಬರುತ್ತದೆ. ಬಂದದ್ದು ಇಷ್ಟು, ಹೋದದ್ದು ಇಷ್ಟು. ಯಾರೂ ಕೇಳಬಹುದು. ಮೊದಲ ಸಲ ಯಾರೂ ಕೇಳಲಿಲ್ಲ, ಹೆದರಿಕೆ. ಮೂರನೇ ತಿಂಗಳು ಏಳನೇ ಕ್ಲಾಸಿನ ಮಗ ಕೇಳಿದ: "ಪಪ್ಪಾ, ಹಬ್ಬದ ವಂತಿಗೆ ಅಮ್ಮನ ಮದ್ದಿಗಿಂತ ಜಾಸ್ತಿ ಯಾಕೆ?" ಕೈ ಎತ್ತುವಷ್ಟು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ವಂತಿಗೆಯಲ್ಲಿ ಗುರ್ಕಾರನ ಹೆಸರು ಮೇಲೆ ಇರಬೇಕು ಅಂತ ಕೊಟ್ಟದ್ದು. ಅದನ್ನು ಹುಡುಗನ ಮುಂದೆ ಒಪ್ಪಿಕೊಳ್ಳಲು ನಮಗೆ ಒಂದು ವಾರ ಬೇಕಾಯಿತು. ಮುಂದಿನ ಭಾನುವಾರ ಒಪ್ಪಿಕೊಂಡೆವು. ಅವನು "ಸರಿ ಪಪ್ಪಾ" ಅಂದು ಆಡಲು ಓಡಿದ. ಅಷ್ಟೇ. ಆಕಾಶ ಬೀಳಲಿಲ್ಲ.

ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬೇಡಿ ಎಂದು ಪೌಲರು ತಂದೆಯರಿಗೇ ಬರೆದಿದ್ದಾರೆ, ಕೊಲೊಸ್ಸೆಯವರ ಪತ್ರದಲ್ಲಿ. ಮನಸ್ಸು ಕುಗ್ಗುವುದು ಹೇಗೆ ಅಂತ ನಮಗೆ ಕೌಂಟರಿನಲ್ಲಿ ಕಾಣುತ್ತಿತ್ತು. ಒಬ್ಬ ಹಿರಿಯರು ಪಾಸ್ ಬುಕ್ ಹಿಡಿದು, "ಬಡ್ಡಿ ಹೇಗೆ ಹಾಕಿದ್ದೀರಿ ಸ್ವಲ್ಪ ಹೇಳ್ತೀರಾ" ಅಂತ ಕೇಳುತ್ತಾರೆ. "ಬರೆದದ್ದು ಉಂಟಲ್ಲ ಅಲ್ಲಿ" ಅಂತ ಒಂದು ಸಲ ಗದರಿಸಿ ನೋಡಿ. ಆ ಮನುಷ್ಯ ಇನ್ನು ಜೀವಮಾನದಲ್ಲಿ ಕೇಳುವುದಿಲ್ಲ. ಕೇಳದ ಸದಸ್ಯರು ಹೆಚ್ಚಾದ ಸಂಘದಲ್ಲಿ ಮಹಾಸಭೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಉಪ್ಪಿಟ್ಟು ಬಿಸಿ ಇರುವಾಗಲೇ ತಿನ್ನಬಹುದು. ಮುಂದೆ ಆಗುವುದು ಏನು ಅಂತ ನಾವು ಪೇಪರಿನಲ್ಲಿ ಓದುತ್ತೇವೆ.

ನಮಗೆ ಮಹಾಸಭೆಯಲ್ಲಿ ಪ್ರಶ್ನೆ ಕೇಳಿದರೆ ಮುಖ ಕೆಂಪಾಗುತ್ತಿತ್ತು. ಮನೆಯ ಮೊದಲ ಭಾನುವಾರಗಳಾದ ಮೇಲೆ ಅದು ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ, ಕಡಿಮೆಯಾಯಿತು. ಹನ್ನೆರಡು ವರ್ಷದ ಹುಡುಗನ ಎದುರು ತಪ್ಪು ಒಪ್ಪಿಕೊಂಡವನಿಗೆ ಮುನ್ನೂರು ಜನರ ಎದುರು ವೋಚರು ತೋರಿಸುವುದು ಅಷ್ಟು ಕಷ್ಟವಲ್ಲ. ತಂದೆತನದಿಂದ ಊರಿನ ಕೆಲಸಕ್ಕೆ ನಮಗೆ ಸಿಕ್ಕಿದ ತರಬೇತಿ ಇದು. ಆಳುವ ತರಬೇತಿ ಅಲ್ಲ, ಕೇಳಿಸಿಕೊಳ್ಳುವ ತರಬೇತಿ.

ಆದರೆ ಇದರಲ್ಲಿ ಒಂದು ಗುಂಡಿ ಉಂಟು. ಬೈಬಲಿನ ಹಳೆ ಒಡಂಬಡಿಕೆಯಲ್ಲಿ ಏಲಿ ಎಂಬ ಯಾಜಕ. ಅವನ ಮಕ್ಕಳು ಜನ ತಂದ ಬಲಿಯ ಮಾಂಸವನ್ನು ದೇವರಿಗೆ ಸಲ್ಲುವ ಮೊದಲೇ ಎತ್ತಿಕೊಳ್ಳುತ್ತಿದ್ದರು. ಏಲಿ ಬಾಯಲ್ಲಿ ಬೈದ, ಕೈಯಲ್ಲಿ ತಡೆಯಲಿಲ್ಲ. ಅದೇ ಏಲಿಯ ಕೈಯಲ್ಲಿ ಬೆಳೆದ ಸಮುವೇಲ ಮಾತ್ರ ಚಿನ್ನದಂಥ ಮನುಷ್ಯನಾದ. ಮುದುಕನಾದಾಗ ಜನರನ್ನೆಲ್ಲ ಸೇರಿಸಿ ನಿಂತು, ಯಾರ ಎತ್ತು ತೆಗೆದುಕೊಂಡಿದ್ದೇನೆ, ಯಾರ ಕತ್ತೆ ತೆಗೆದುಕೊಂಡಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ, ಹೇಳಿ, ಹಿಂದೆ ಕೊಡುತ್ತೇನೆ ಅಂದ. ಏನೂ ಇಲ್ಲ ಅಂತ ಜನ ಸಾಕ್ಷಿ ಹೇಳಿದರು. ಇಷ್ಟು ಶುದ್ಧ ಆಡಿಟ್ ಎಲ್ಲಿ ಸಿಗುತ್ತದೆ! ಆದರೆ ಆ ಸಮುವೇಲನೇ ತನ್ನ ಇಬ್ಬರು ಮಕ್ಕಳನ್ನು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂರಿಸಿದ್ದ. ಅವರು ಲಂಚ ತಿಂದರು. ಜನ ಬೇಸತ್ತು, ನಮಗೆ ರಾಜನೇ ಬೇಕು ಅಂತ ಹಟ ಹಿಡಿದದ್ದು ಆಗ.

ಸಮುವೇಲನ ತಂದೆತನದಲ್ಲಿ ಏನು ಕೊರತೆ ಇತ್ತು ಅಂತ ಗ್ರಂಥ ಹೇಳುವುದಿಲ್ಲ, ನಾವೂ ಊಹಿಸುವುದಿಲ್ಲ. ಒಳ್ಳೆಯ ಅಪ್ಪಂದಿರಿಗೂ ಮಕ್ಕಳು ತಪ್ಪುತ್ತಾರೆ. ಇಲ್ಲಿ ಕೂತವರಲ್ಲಿ ಅಂಥ ನೋವು ಉಂಡವರು ಇದ್ದಾರೆ, ಅವರ ಮೇಲೆ ಕಲ್ಲು ಹಾಕುವ ಮಾತು ಇದಲ್ಲ. ಆದರೆ ಕುರ್ಚಿ ಕೊಟ್ಟದ್ದು ಸಮುವೇಲನೇ. ಮನೆ ನಡೆಸಿದ ಅನುಭವ ಊರಿಗೆ ಬರಲಿ, ಮನೆಯೇ ಊರಿನ ಕುರ್ಚಿಗೆ ಬಂದು ಕೂರುವುದು ಬೇಡ. ನಮ್ಮ ಮಗ ಕಳೆದ ಎಲೆಕ್ಷನಿನಲ್ಲಿ ನಿಲ್ಲುತ್ತೇನೆ ಅಂದಾಗ ನಾವು ಅವನ ಪರ ಒಂದು ಮನೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಅವನು ಸೋತ. ಒಂದು ತಿಂಗಳು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಸೊಸೆ ಮಾತ್ರ ಅಡುಗೆಮನೆಯಲ್ಲಿ ನಮ್ಮ ಮನೆಯವರ ಹತ್ತಿರ, "ಮಾವ ಮಾಡಿದ್ದು ಸರಿ" ಅಂದಳಂತೆ.

ನಮ್ಮ ದೊಡ್ಡ ಮಗಳು ಈಗ ಟೀಚರು. ಆ ಒಂದು ವರ್ಷದ ವಿಷಯ ಹೇಳಿದೆವಲ್ಲ, ಅದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದ್ದು ಅವಳ ಮದುವೆಯ ಹಿಂದಿನ ದಿನ, ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲು ಹಚ್ಚುವಾಗ. ಸುತ್ತ ಹಾಡು, ಗದ್ದಲ. ಅವಳಿಗೆ ಕೇಳಿಸಿತೋ ಇಲ್ಲವೋ. ಕಣ್ಣು ಮುಚ್ಚಿ ಕೂತಿದ್ದಳು, ನಮ್ಮ ಕೈ ಹಿಡಿದು ಒತ್ತಿದಳು. ತಿಂಗಳ ಮೊದಲ ಭಾನುವಾರ ಅವಳು ಊರಿನಲ್ಲಿದ್ದರೆ ಈಗಲೂ ಪುಸ್ತಕ ಅವಳೇ ಓದುವುದು. ನಮಗೂ ಕಣ್ಣು ಅಷ್ಟಕ್ಕಷ್ಟೆ. ಹೋದ ಸಲ ಓದುತ್ತಾ ಓದುತ್ತಾ ನಿಲ್ಲಿಸಿ, "ಇದು ಯಾರಿಗೆ ಕೊಟ್ಟ ಐನೂರು?" ಅಂತ ಕೇಳಿದಳು. ನೆನಪು ಮಾಡಿ ಹೇಳಬೇಕಾಯಿತು.

  ಯಾರಿಗಾದರೂ ಏನಾದರೂ ಕೇಳಲಿಕ್ಕೆ ಇದ್ದರೆ ಊಟದ ಪಂಕ್ತಿಯಲ್ಲಿ ನಾವು ಸಿಗುತ್ತೇವೆ.